ಕಣ್ಣು ಮುಚ್ಚಿ ಕೇಳುವ ಪದ್ಮಯ್ಯ ಗೌಡರು

ಬೆಳ್ಳಾರೆಯಿಂದ ಕಡಬದವರೆಗೆ, ಈ ಕಡೆ ಪುತ್ತೂರಿನ ಸುತ್ತಮುತ್ತಲವರೆಗೆ, ಅಣ್ಣತಮ್ಮಂದಿರ ನಡುವೆ ದಾರಿಯ ತಕರಾರೋ, ಕೆರೆ ನೀರಿನ ಸರದಿಯೋ, ಗಡಿಯ ಮೇಲೆ ಹುಟ್ಟಿ ಎರಡೂ ಕಡೆ ಕಾಯಿ ಉದುರಿಸುವ ಹಲಸಿನ ಮರವೋ ಬಗೆಹರಿಯದ ಸಮಸ್ಯೆಯಾಗಿ ಬೆಳೆದಾಗ, ಕೋರ್ಟಿಗೆ ಹೋಗುವ ಮೊದಲು ಜನರು ಪಾಲೆಕುಂಜ ಪದ್ಮಯ್ಯ ಗೌಡರನ್ನು ಒಮ್ಮೆ ಕರೆಸುತ್ತಿದ್ದರು. ಐವತ್ತನಾಲ್ಕರ ಗೌಡರು ಕಾನೂನು ಓದಿದವರಲ್ಲ. ಯಾವ ಚುನಾವಣೆಗೂ ನಿಂತವರಲ್ಲ. ಮಾತುಗಾರರಂತೂ ಮೊದಲೇ ಅಲ್ಲ. ಅವರಲ್ಲಿದ್ದ ದೊಡ್ಡ ಗುಣವೆಂದರೆ ಅವರು ಇನ್ನೊಬ್ಬರ ಮಾತನ್ನು ಪೂರ್ತಿ ಕೇಳುತ್ತಿದ್ದರು. ಅದೂ ಕಣ್ಣು ಮುಚ್ಚಿ ಕೇಳುತ್ತಿದ್ದರು.

ರಾಜಿ ಮಾತುಕತೆಗೆ ಒಬ್ಬರೇ ಹೋಗುವ ಕ್ರಮ ನಮ್ಮಲ್ಲಿಲ್ಲ. ಗೌಡರ ಜೊತೆಗೆ ಕಡಬದ ಮರದ ವ್ಯಾಪಾರಿ ಪೋಕರ್ ಇರುತ್ತಿದ್ದರು. ಇಬ್ಬರೂ ಹೋಗಿ, ಕೈಕಾಲು ತೊಳೆದು, ಬೆಲ್ಲ ನೀರು ಕುಡಿದು ಅಂಗಳದಲ್ಲಿ ಕುಳಿತರೆ, ಕುಶಲ ಸಮಾಚಾರದಿಂದ ಹಿಡಿದು ಅಡಿಕೆಯ ಹಳದಿ ರೋಗದವರೆಗಿನ ಪೀಠಿಕೆ ಪೋಕರ್ ಅವರ ಪಾಲು. ಮೌನ ಗೌಡರ ಪಾಲು. ಗೌಡರಿಗೆ ಕೈ ಇರುವ ಕುರ್ಚಿಯೇ ಆಗಬೇಕು ಎಂಬುದು ಎಲ್ಲ ಮನೆಯವರಿಗೂ ಗೊತ್ತಿತ್ತು. ಹಿರಿಯ ಕಕ್ಷಿಯು ಅಜ್ಜನ ಕಾಲದಿಂದ ಕಥೆ ಶುರುಮಾಡಿ ಅಪ್ಪನ ಕಾಲಕ್ಕೆ ಬರುವಷ್ಟರಲ್ಲಿ ಗೌಡರ ರೆಪ್ಪೆಗಳು ಇಳಿದು, ಗಲ್ಲ ಎದೆಗೆ ತಾಗಿ, ಉಸಿರು ದಪ್ಪವಾಗುತ್ತಿತ್ತು. ನಡುನಡುವೆ "ಹೂಂ" ಎಂಬ ಸದ್ದು ಬರುತ್ತಿತ್ತು. ಅದು ಎಲ್ಲಿಂದ ಬರುತ್ತಿತ್ತು ಎಂದು ಯಾರೂ ವಿಚಾರಿಸಲಿಲ್ಲ. ಸರಿಯಾದ ಜಾಗದಲ್ಲಿ ಬರುತ್ತಿತ್ತು ಎಂದು ಮಾತ್ರ ಎಲ್ಲರೂ ಒಪ್ಪುತ್ತಿದ್ದರು.

ಕಣ್ಣು ಮುಚ್ಚಿ ಕುಳಿತವರ ಎದುರು ಬೈಯುವುದು ಕಷ್ಟ. ಕಕ್ಷಿಗಳು ಮೊದಲು ದನಿ ಏರಿಸುತ್ತಿದ್ದರು, ಆಮೇಲೆ ತಗ್ಗಿಸುತ್ತಿದ್ದರು, ಕೊನೆಗೆ ತಮ್ಮ ದನಿ ತಮಗೇ ಕೇಳಿಸಿ ನಾಚುತ್ತಿದ್ದರು. ಹೇಳಲು ಏನೂ ಉಳಿಯದೆ ಅಂಗಳ ನಿಶ್ಶಬ್ದವಾದಾಗ ಗೌಡರು ಬೆಚ್ಚಿ ಎಚ್ಚೆತ್ತು, ಬಹಳ ದೂರದಿಂದ ಬಂದವರಂತೆ ಸುತ್ತ ನೋಡಿ, "ಹಾಗಾದ್ರೆ ಈಗ ಎಂತ ಮಾಡುದು ಹೇಳಿ?" ಎಂದು ಕೇಳುತ್ತಿದ್ದರು. ಒಂದಕ್ಷರವೂ ಕೇಳದ ಮನುಷ್ಯ ಬೇರೆ ಏನು ಕೇಳಿಯಾನು? ಆದರೆ ಕಕ್ಷಿಗಳಿಗೆ ಆ ಮಾತಿನಲ್ಲಿ ಪರಮ ವಿವೇಕ ಕಾಣಿಸುತ್ತಿತ್ತು. ತೀರ್ಮಾನವನ್ನು ನಮ್ಮ ಕೈಗೇ ಬಿಟ್ಟರು ನೋಡಿ ಎಂದು ಕರಗಿ, ಹೊಟ್ಟೆಯಲ್ಲಿದ್ದುದೆಲ್ಲ ಖಾಲಿಯಾದ ಸಮಾಧಾನದಲ್ಲಿ ರಾಜಿಯಾಗಿಬಿಡುತ್ತಿದ್ದರು. ಈ ಭಾಗದ ಯಾವ ವಕೀಲರ ಬಳಿಯೂ ಇಂತಹ ಯಶಸ್ಸಿನ ದಾಖಲೆ ಇರಲಾರದು.

ಮೊದಮೊದಲು ಗೌಡರಿಗೆ ಅಳುಕಿತ್ತು. ನಿದ್ದೆ ಹೋದದ್ದು ಯಾರಿಗಾದರೂ ತಿಳಿದರೆ ಮರ್ಯಾದೆಯ ಗತಿಯೇನು ಎಂದು ಹೆದರಿ, ಒಂದೆರಡು ಸಲ ತೊಡೆ ಚಿವುಟಿಕೊಂಡು ಎಚ್ಚರವಿರಲು ಪ್ರಯತ್ನಿಸಿದ್ದರು. ಚಿವುಟಿಕೊಂಡೇ ನಿದ್ದೆ ಹೋದರು. ಆದರೆ ಮದುವೆಮನೆಗಳಲ್ಲಿ ಜನರು ಎದ್ದು ಮುಂದಿನ ಸಾಲಿನ ಕುರ್ಚಿ ಬಿಟ್ಟುಕೊಡತೊಡಗಿದ ಮೇಲೆ, ನಾಲ್ಕು ಜನ ಒಂದೇ ಮಾತು ಹೇಳಿದ ಮೇಲೆ, ಅದು ನಿದ್ದೆಯಲ್ಲ, ಒಂದು ಬಗೆಯ ಆಳವಾದ ಆಲೋಚನೆಯೇ ಇರಬೇಕು ಎಂದು ಅವರಿಗೂ ಅನ್ನಿಸಿತು. ಬಹುಮತಕ್ಕೆ ತಲೆಬಾಗುವುದು ಅವರ ಸ್ವಭಾವ.

ಮನೆಯಲ್ಲಿ ಈ ಆಲೋಚನೆಗೆ ಬೇರೆ ಹೆಸರಿತ್ತು. ಪಾಲೆಕುಂಜದ ಗೊರಕೆ ತಲೆಮಾರುಗಳಿಂದ ಬಂದ ಆಸ್ತಿ, ಪಾಲು ಮಾಡದೆ ಉಳಿದದ್ದು ಅದೊಂದೇ. ಗೌಡರ ತಂದೆ ಗೊರೆಯುತ್ತಿದ್ದರು, ಅಜ್ಜನ ಗೊರಕೆ ಹೊಳೆಯಾಚೆಗೂ ಕೇಳುತ್ತಿತ್ತಂತೆ. ಬಂದ ನೆಂಟರು ಬೆಳಿಗ್ಗೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ, "ಗೌಡರಿಗೆ ಒಳ್ಳೆ ನಿದ್ದೆ, ಪುಣ್ಯವಂತರು" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಗೆ ಸೇರದವರು ಹೆಂಡತಿ ದುಗ್ಗಮ್ಮ ಒಬ್ಬರೇ.

"ನಡುವಿನಲ್ಲಿ ನಿಮ್ಮ ಉಸಿರು ನಿಲ್ತದೆ" ಎಂದು ದುಗ್ಗಮ್ಮ ವರ್ಷಗಳಿಂದ ಹೇಳುತ್ತಿದ್ದರು.

"ನಿಂತ್ರೆ ನಾನು ಬೆಳಿಗ್ಗೆ ಏಳುದು ಹೇಗೆ?" ಎಂದು ಗೌಡರು ಕೇಳುತ್ತಿದ್ದರು.

ಈ ತರ್ಕಕ್ಕೆ ದುಗ್ಗಮ್ಮನಲ್ಲಿ ಉತ್ತರವಿರಲಿಲ್ಲ. ವಿಷಯ ಅಲ್ಲಿಗೆ ನಿಲ್ಲುತ್ತಿತ್ತು, ರಾತ್ರಿ ಉಸಿರೂ ನಿಲ್ಲುತ್ತಿತ್ತು.

ಹೀಗಿರುವಾಗ ಕೊಯಿಲದಲ್ಲಿ ಒಂದು ಹಲಸಿನ ಮರದ ರಾಜಿ ಮುಗಿಸಿ ಮರಳುವಾಗ, ಹಾಡುಹಗಲಿನಲ್ಲಿ, ನೇರವಾದ ರಸ್ತೆಯಲ್ಲಿ, ಗೌಡರ ಸ್ಕೂಟರು ತನ್ನಷ್ಟಕ್ಕೆ ರಸ್ತೆ ಬಿಟ್ಟು ಜಾನುವಾರು ಕ್ಷೇತ್ರದ ಬೇಲಿಗೆ ಒರಗಿ ನಿಂತಿತು. ಒಳಗಿದ್ದ ಹಸುವೊಂದು ಮೇಯುವುದನ್ನು ಬಿಟ್ಟು ನೋಡಿತು. ಹಿಂದೆ ಕುಳಿತಿದ್ದ ಪೋಕರ್ ಅವರ ಮೊಣಕೈ ತರಚಿತು, ಗೌಡರ ಹಣೆ ಊದಿತು.

"ನಾನು ಮಾತಾಡ್ತಾ ಇದ್ದೆ, ಇವರು ಹೂಂ ಹೂಂ ಹೇಳ್ತಾ ಇದ್ದರು" ಎಂದು ಪೋಕರ್ ಮನೆಗೆ ಬಂದು ದುಗ್ಗಮ್ಮನಿಗೆ ವರದಿ ಒಪ್ಪಿಸಿದರು. "ಹೂಂ ಹೇಳ್ತಾ ಹೇಳ್ತಾ ಬೇಲಿಗೆ ಹೋದ್ರು."

"ಎಂತದೋ ಆಲೋಚನೆಯಲ್ಲಿ ಇದ್ದೆ" ಎಂದರು ಗೌಡರು.

"ಎಂತ ಆಲೋಚನೆ?" ಎಂದು ದುಗ್ಗಮ್ಮ ಕೇಳಿದರು.

ಗೌಡರು ಹಣೆಯ ಊತವನ್ನು ಮುಟ್ಟಿ ನೋಡಿಕೊಂಡರು.

ಸುದ್ದಿ ಹರಡಿದ ಮೇಲೆ ಮದ್ದುಗಳು ಬರತೊಡಗಿದವು. ನಮ್ಮ ಮೂರು ತಾಲೂಕುಗಳಲ್ಲಿ ವೈದ್ಯರಿಗಾಗಿ ಕಾಯಬೇಕಾಗಬಹುದು, ಸಲಹೆಗಾಗಿ ಯಾರೂ ಕಾಯಬೇಕಾದ ಸಂದರ್ಭ ಬಂದಿಲ್ಲ. ಒಬ್ಬರು ಮೂಗಿಗೆ ತುಪ್ಪ ಬಿಡಲು ಹೇಳಿದರು. ಇನ್ನೊಬ್ಬರು ತಲೆ ಇಡುವ ದಿಕ್ಕು ಬದಲಾಯಿಸಿದರು. ಮತ್ತೊಬ್ಬರು ಬಾಯಿಗೆ ಪ್ಲಾಸ್ಟರು ಅಂಟಿಸಿಕೊಂಡು ಮಲಗುವ ವಿಡಿಯೊ ಕಳುಹಿಸಿದರು. ಅದನ್ನು ನೋಡಿ ದುಗ್ಗಮ್ಮ, ಮೂಗಿನಲ್ಲೇ ಉಸಿರು ಹೋಗದವರ ಬಾಯಿಯನ್ನೂ ಮುಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ ಎಂದಷ್ಟೇ ಹೇಳಿದರು. ಮಗ್ಗುಲಾಗಿ ಮಲಗಿದರೆ ಒಳ್ಳೆಯದು, ಅದಕ್ಕಾಗಿ ಬನಿಯನಿನ ಬೆನ್ನಿಗೆ ಒಂದು ಚೆಂಡು ಹೊಲಿದುಕೊಳ್ಳಬೇಕು ಎಂಬುದು ಇದ್ದುದರಲ್ಲಿ ಬುದ್ಧಿಯ ಸಲಹೆಯಾಗಿತ್ತು. ಮನೆಯಲ್ಲಿ ಚೆಂಡಿರಲಿಲ್ಲ. ದುಗ್ಗಮ್ಮ ಸಿಪ್ಪೆ ಸಮೇತ ಒಣಗಿದ ಎರಡು ದೊಡ್ಡ ಅಡಿಕೆಗಳನ್ನು ಜೇಬು ಮಾಡಿ ಹೊಲಿದರು. ಗೌಡರು ಅಂಗಾತ ಮಲಗಿ, ಅಡಿಕೆಗಳ ಮೇಲೆಯೇ ಬೆಳಗಾಗುವವರೆಗೆ ಗೊರೆದರು. ಬೆನ್ನಿನ ಮೇಲೆ ಎರಡು ಗುಂಡಗಿನ ಗುರುತುಗಳು ವಾರವಿಡೀ ಉಳಿದವು.

ಕೊನೆಗೆ ಪುತ್ತೂರಿನಲ್ಲಿ ಕೆಲಸದಲ್ಲಿರುವ ಮಗಳು ಭವಿತಾ ಬಂದು ಅಪ್ಪನನ್ನು ಅಲ್ಲಿಯ ಕಿವಿ ಮೂಗು ಗಂಟಲಿನ ವೈದ್ಯೆಯ ಬಳಿ ಕರೆದುಕೊಂಡು ಹೋದಳು. ವೈದ್ಯೆ ಗೌಡರ ಬಾಯಿಗೆ ಬೆಳಕು ಬಿಟ್ಟು ನೋಡಿದರು, ಕುತ್ತಿಗೆಯ ಸುತ್ತಳತೆ ತೆಗೆದರು, ರಕ್ತದೊತ್ತಡ ನೋಡಿ ಹುಬ್ಬೇರಿಸಿದರು. ಗೌಡರು ಶಬ್ದದ ಬಗ್ಗೆ ಕ್ಷಮೆ ಕೇಳುವ ಧಾಟಿಯಲ್ಲಿ ಮಾತು ತೆಗೆದರು.

"ಶಬ್ದ ಅಲ್ಲ ಗೌಡ್ರೆ ರೋಗ" ಎಂದರು ವೈದ್ಯೆ. "ಶಬ್ದ ನಡುವಿನಲ್ಲಿ ನಿಲ್ತದಲ್ಲ, ಅದು ರೋಗ. ನಿಮ್ಮ ತೋಟದ ಪಂಪಿಗೆ ಸಕ್ಷನ್ ಪೈಪು ಉಂಟಲ್ಲ, ಬಿಸಿಲಿಗೆ ಮೆತ್ತಗಾದ ಪೈಪು ಹಾಕಿದ್ರೆ ಎಂತ ಆಗ್ತದೆ?"

"ಎಳೆಯುವಾಗ ಚಪ್ಪಟೆ ಆಗ್ತದೆ. ನೀರು ಬರುದಿಲ್ಲ."

"ಮೋಟ್ರು?"

"ಬೊಬ್ಬೆ ಹೊಡಿತದೆ. ಹಾಗೇ ಬಿಟ್ರೆ ಸುಟ್ಟು ಹೋಗ್ತದೆ."

"ಅಷ್ಟೇ. ನಿದ್ದೆಯಲ್ಲಿ ನಿಮ್ಮ ಗಂಟಲಿನ ಮಾಂಸ ಸಡಿಲ ಆಗ್ತದೆ, ನಾಲಿಗೆ ಹಿಂದೆ ಜಾರ್ತದೆ. ದಾರಿ ಸಪೂರ ಆದಾಗ ಅಲ್ಲಿ ಅದುರುದೇ ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಉಸಿರು ಇಲ್ಲ. ಆಗ ಮಿದುಳು ಹೆದರಿ ನಿಮ್ಮನ್ನು ಅರ್ಧ ಎಬ್ಬಿಸ್ತದೆ, ನೀವು ಒಮ್ಮೆ ಎಳೆದುಕೊಳ್ತೀರಿ, ಪುನಃ ಮಲಗ್ತೀರಿ. ಬೆಳಿಗ್ಗೆಯವರೆಗೆ ಇದೇ ಕೆಲಸ. ರಾತ್ರಿ ನೀವು ನಿದ್ದೆ ಮಾಡುದೇ ಇಲ್ಲ. ಹಾಗಾಗಿ ಹಗಲು ಕೂತಲ್ಲಿ ನಿದ್ದೆ ಬರುದು. ಬರ್ತದಲ್ಲ?"

ಗೌಡರು ಮಗಳ ಮುಖ ನೋಡಿದರು. ತಮ್ಮ ಇಡೀ ಸಾರ್ವಜನಿಕ ಜೀವನದ ಬಗ್ಗೆ ಯಾರೋ ಅಷ್ಟು ಸರಳವಾಗಿ, ಔಷಧದ ಚೀಟಿ ಬರೆಯುತ್ತ ಕೇಳಿದ್ದು ಅವರಿಗೆ ಅಷ್ಟು ಸರಿಬರಲಿಲ್ಲ.

"ಆಲೋಚನೆ ಮಾಡುವಾಗ ಸ್ವಲ್ಪ ಬರ್ತದೆ" ಎಂದರು.

ಎದೆಗೂ ಬೆರಳಿಗೂ ಮೂಗಿಗೂ ತಂತಿ ಕಟ್ಟಿಕೊಂಡು ಒಂದು ರಾತ್ರಿ ಮಲಗುವ ಪರೀಕ್ಷೆಯೂ ಆಯಿತು. ಗಂಟೆಗೆ ನಲವತ್ತಕ್ಕೂ ಹೆಚ್ಚು ಸಲ ಉಸಿರು ಕಟ್ಟುತ್ತಿದೆ ಎಂದು ವರದಿ ಹೇಳಿತು. ದುಗ್ಗಮ್ಮನಿಗೆ ಅದರಲ್ಲಿ ಹೊಸ ವಿಷಯವೇನೂ ಕಾಣಲಿಲ್ಲ. ಗೌಡರ ತರ್ಕಕ್ಕೆ ಮಾತ್ರ ಮೊದಲ ಬಾರಿಗೆ ಕಾಗದದ ಮೇಲೆ ಉತ್ತರ ಸಿಕ್ಕಿತ್ತು. ತೂಕ ಇಳಿಸಬೇಕು, ರಾತ್ರಿಯ ಊಟ ಬೇಗ ಮುಗಿಸಬೇಕು, ಮಗ್ಗುಲಾಗಿ ಮಲಗಬೇಕು, ಮದ್ಯ ಮುಟ್ಟಬಾರದು ಎಂದರು ವೈದ್ಯೆ. ಕುಡಿಯುವ ಅಭ್ಯಾಸವಿಲ್ಲದ ಗೌಡರು ಕೊನೆಯ ಸಲಹೆಯನ್ನು ತಕ್ಷಣ ಒಪ್ಪಿಕೊಂಡರು. ಎಲ್ಲಕ್ಕಿಂತ ಮುಖ್ಯವಾಗಿ, ಮೂಗಿಗೆ ಮುಖವಾಡ ಕಟ್ಟಿ ಗಾಳಿಯನ್ನು ಒತ್ತಿ ಕಳುಹಿಸುವ ಯಂತ್ರವೊಂದನ್ನು ದಿನವೂ ಹಾಕಿ ಮಲಗಬೇಕು. ಆ ಗಾಳಿಯ ಒತ್ತಡಕ್ಕೆ ಗಂಟಲಿನ ಪೈಪು ಚಪ್ಪಟೆಯಾಗದೆ ನಿಲ್ಲುತ್ತದೆ. ಹಾಕದಿದ್ದರೆ ಹೃದಯಕ್ಕೂ ಮಿದುಳಿಗೂ ಅಪಾಯ. ನಿದ್ದೆ ಸರಿಹೋಗುವವರೆಗೆ ಸ್ಕೂಟರು ಮುಟ್ಟಲೇಬಾರದು.

ಯಂತ್ರ ಪಾಲೆಕುಂಜಕ್ಕೆ ಬಂತು. ಗಾಳಿ ಒಣಗಬಾರದೆಂದು ಅದರಲ್ಲಿ ನೀರು ಹಾಕುವ ಒಂದು ಪುಟ್ಟ ಡಬ್ಬಿಯಿತ್ತು. ಶುದ್ಧೀಕರಿಸಿದ ಬರಿಯ ನೀರನ್ನೇ ಹಾಕಬೇಕೆಂದು ಹೇಳಿದ್ದರು. ಆದರೆ ಮನೆಗೆ ಬಂದವರಿಗೆ ಬರಿ ನೀರು ಕೊಡುವ ಪದ್ಧತಿ ದುಗ್ಗಮ್ಮನಲ್ಲಿಲ್ಲ. ಅವರು ಜೀರಿಗೆ ಹಾಕಿ ಕುದಿಸಿ, ಆರಿಸಿ, ಸೋಸಿ ತುಂಬಿದರು. ಮೂರು ರಾತ್ರಿ ಗೌಡರಿಗೆ ಯಾರದೋ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತ ಕನಸು ಬಿತ್ತು. ಬಡಿಸುವವರು ಮಾತ್ರ ಬರಲಿಲ್ಲ. ಡಬ್ಬಿಯ ತಳ ಹಳದಿಯಾದುದನ್ನು ನೋಡಿದ ಭವಿತಾ, "ಅಮ್ಮ, ಅದು ಅಪ್ಪನಿಗೆ ಕುಡಿಲಿಕ್ಕೆ ಇಟ್ಟದ್ದಲ್ಲ" ಎಂದಳು.

"ಬಾಯಿಗೆ ಒಳ್ಳೆಯದಾದದ್ದು ಮೂಗಿಗೆ ಎಂತ ಮಾಡ್ತದೆ?" ಎಂದರು ದುಗ್ಗಮ್ಮ. ಆದರೂ ಮರುದಿನದಿಂದ ಹೇಳಿದ ನೀರನ್ನೇ ಹಾಕಿದರು, ಸ್ವಲ್ಪ ಸಂಕೋಚದಿಂದ.

ಜೀರಿಗೆ ನಿಂತ ಮೇಲೆ ಚಿಕಿತ್ಸೆ ಶುರುವಾಯಿತು. ಎರಡು ವಾರಗಳಲ್ಲಿ ಗೌಡರು, ಮಧ್ಯಾಹ್ನವೆಂಬುದೊಂದು ದಿನದಲ್ಲಿ ಇದೆ ಎಂಬುದನ್ನು ಕಂಡುಕೊಂಡರು. ಊಟವಾದ ಮೇಲೆ ಎಚ್ಚರವಾಗಿ ಕುಳಿತರು. ದಿನಪತ್ರಿಕೆಯನ್ನು ಮೊದಲ ಬಾರಿಗೆ ಕೊನೆಯ ಪುಟದವರೆಗೆ ಓದಿ ಸ್ವಲ್ಪ ಖಿನ್ನರಾದರು. ತಲೆ ಹಗುರವಾಯಿತು, ರಕ್ತದೊತ್ತಡ ಇಳಿಯಿತು. ವೈದ್ಯೆ ಸ್ಕೂಟರಿಗೆ ಅನುಮತಿ ಕೊಟ್ಟರು. ಎಲ್ಲವೂ ಚೆನ್ನಾಗಿತ್ತು. ಪೆರಾಬೆಯಿಂದ ಕರೆ ಬರುವವರೆಗೆ.

ಪೆರಾಬೆಯ ಜಯಪ್ರಕಾಶ್ ಮತ್ತು ದಿಶಾಂತ್ ಅಣ್ಣತಮ್ಮಂದಿರು. ಮನೆ ಬೇರೆಬೇರೆ, ದಾರಿ ಒಂದೇ. ತಮ್ಮ ದಿಶಾಂತ್ ತನ್ನ ಮನೆಗೆ ಹೋಗಬೇಕಾದರೆ ಅಣ್ಣ ಜಯಪ್ರಕಾಶನ ಅಂಗಳ ದಾಟಬೇಕು. ಬೇಸಿಗೆ ಬಂತೆಂದರೆ ಜಯಪ್ರಕಾಶ್ ಅಂಗಳದ ಈ ಅಂಚಿನಿಂದ ಆ ಅಂಚಿನವರೆಗೆ ಅಡಿಕೆ ಹರವುತ್ತಾನೆ. ಆರು ತಿಂಗಳು ದಿಶಾಂತನ ಕಾರು ಗೇಟಿನ ಹೊರಗೆ, ದಿಶಾಂತ್ ಅಕ್ಕಿಚೀಲ ಹೊತ್ತು ಅಂಗಳದ ಅಂಚಿನಲ್ಲಿ. ಒಂದು ದಿನ ತಾಳ್ಮೆ ತಪ್ಪಿ ಅವನು ಅಡಿಕೆಯ ಮೇಲೆಯೇ ಕಾರು ಓಡಿಸಿದ. ಅಂದಿನಿಂದ ಮಾತಿಲ್ಲ.

ಗೌಡರು ಕೈ ಇರುವ ಕುರ್ಚಿಯಲ್ಲಿ ಕುಳಿತು ಎಂದಿನಂತೆ ಕಣ್ಣು ಮುಚ್ಚಿದರು. ಜಯಪ್ರಕಾಶ್ ಅಜ್ಜನ ಕಾಲದಿಂದ ಶುರುಮಾಡಿದ. ಗೌಡರು ಕಾದರು. ನಿದ್ದೆ ಬರಲಿಲ್ಲ. ಬದಲಿಗೆ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಮಾತು ಕೇಳಿಬಂತು. ಒಂದೊಂದು ಶಬ್ದವೂ ಕಿವಿಗೆ ಬಿತ್ತು. ಜನರು ತಮ್ಮ ಮುಂದೆ ಇಷ್ಟು ಹೊತ್ತು, ಇಷ್ಟು ಸುಳ್ಳು, ಒಂದೇ ಸಂಗತಿಯನ್ನು ಇಷ್ಟು ಸಲ ಹೇಳುತ್ತಿದ್ದರೇ ಎಂದು ಅವರಿಗೆ ಗಾಬರಿಯಾಯಿತು.

"ಜಯಪ್ರಕಾಶ, ದಾರಿ ಮೊದಲು ಎಂಟು ಅಡಿ ಇತ್ತು ಅಂದೆ, ಈಗ ಆರು ಅಂತಿ" ಎಂದರು ಗೌಡರು, ಕಣ್ಣು ತೆರೆದು.

ಪೋಕರ್ ಕೆಮ್ಮಿದರು.

"ಅದು, ಅಂದಾಜಿಗೆ ಹೇಳಿದ್ದು" ಎಂದ ಜಯಪ್ರಕಾಶ್.

"ಮತ್ತೆ ನೀನು, ದಿಶಾಂತ, ಅಡಿಕೆ ನೋಡ್ಲಿಲ್ಲ ಅಂತಿ. ಅಂಗಳ ತುಂಬ ಹರವಿದ ಅಡಿಕೆ ಕಾಣದವನಿಗೆ ಕಾರಿನ ಲೈಸನ್ಸು ಕೊಟ್ಟದ್ದು ಯಾರು?"

ಕಾಲು ಗಂಟೆಯಲ್ಲಿ ಗೌಡರು ತೀರ್ಮಾನ ಹೇಳಿ ಮುಗಿಸಿದರು. ಬಡಗು ಬದಿಯಲ್ಲಿ ಕಾರು ಹೋಗುವಷ್ಟು ಜಾಗ ಬಿಟ್ಟು ಅಡಿಕೆ ಹಾಕಬೇಕು, ನಜ್ಜುಗುಜ್ಜಾದ ಅಡಿಕೆಗೆ ದಿಶಾಂತ್ ತಪ್ಪೊಪ್ಪಿಕೊಳ್ಳಬೇಕು. ಅದು ನ್ಯಾಯವಾದ, ಸುಲಭವಾದ, ಯಾರಿಗೂ ನಷ್ಟವಿಲ್ಲದ ತೀರ್ಮಾನ. ಆದ್ದರಿಂದ ಇಬ್ಬರೂ ಅದನ್ನು ಒಪ್ಪಲಿಲ್ಲ. ಅಣ್ಣ ಒಳಗೆ ಹೋದ, ತಮ್ಮ ಹೊರಗೆ ಹೋದ. ಗೌಡರು ಮತ್ತು ಪೋಕರ್ ತಾವೇ ಗೇಟು ಹಾಕಿಕೊಂಡು ಬಂದರು.

ಮರುದಿನದಿಂದ ಊರಿನಲ್ಲಿ ಒಂದು ಮಾತು ಓಡಾಡಿತು. "ಗೌಡ್ರು ಮೊದಲಿನ ಹಾಗಿಲ್ಲ. ಈಗ ಮಾತಾಡ್ತಾರೆ." ಯಂತ್ರದ ಗಾಳಿ ತಲೆಗೆ ಹೋಗಿದೆ ಎಂದು ಕೆಲವರು ವಿವರಿಸಿದರು.

ಬೆಟ್ಟಂಪಾಡಿಯಲ್ಲಿ ಇನ್ನೊಂದು ನೀರಿನ ಸರದಿಯ ಮಾತುಕತೆಗೆ ಹೋದಾಗ ಗೌಡರು ಬಾಯಿ ಬಿಡಬಾರದೆಂದು ನಿಶ್ಚಯಿಸಿ, ಕಣ್ಣು ಮುಚ್ಚಿ, ನಿದ್ದೆಯನ್ನು ನಟಿಸಿದರು. ಬಂದಾಗ ತಡೆಯಲಾಗದ ನಿದ್ದೆಯನ್ನು ಬಾರದಾಗ ನಟಿಸುವುದು ಎಷ್ಟು ಕಷ್ಟವೆಂದು ಅವರಿಗೆ ಆಗ ತಿಳಿಯಿತು. ಕಕ್ಷಿಯೊಬ್ಬರು, ಕೆರೆಯ ನೀರು ತಾನಾಗಿಯೇ ಎತ್ತರದ ದರೆ ಹತ್ತಿ ತಮ್ಮ ತೋಟಕ್ಕೆ ಬಂತು, ಪಂಪು ಹಾಕಿದ್ದು ತಾವಲ್ಲ ಎಂದು ಗಂಭೀರವಾಗಿ ಹೇಳುವಾಗ ಗೌಡರ ಹೊಟ್ಟೆ ಕುಲುಕಿತು. ಅವರು ನಕ್ಕುಬಿಟ್ಟರು. ಆ ರಾಜಿಯೂ ಮುರಿಯಿತು.

ಆಮೇಲೆ ಫೋನು ಬರುವುದು ನಿಂತಿತು. ಮದುವೆಮನೆಯೊಂದರಲ್ಲಿ ಗೌಡರು ಮೂರನೆಯ ಸಾಲಿನಲ್ಲಿ ಕುಳಿತರು, ಯಾರೂ ಎದ್ದು ಕರೆಯಲಿಲ್ಲ. ಆರೋಗ್ಯವಂತನಾಗಿ, ಪೂರ್ತಿ ಎಚ್ಚರವಾಗಿ, ಯಾರಿಗೂ ಬೇಡವಾಗಿ ಕುಳಿತುಕೊಳ್ಳುವುದು ಹೇಗಿರುತ್ತದೆ ಎಂಬುದನ್ನು ವೈದ್ಯೆ ಅವರಿಗೆ ಹೇಳಿರಲಿಲ್ಲ.

ಒಂದು ಸಂಜೆ ಪೋಕರ್ ಬಂದರು. ದುಗ್ಗಮ್ಮ ಚಾ ತರಲು ಒಳಗೆ ಹೋದದ್ದನ್ನು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು.

"ಪೆರಾಬೆಯವರು ಇನ್ನೊಂದು ಸಲ ಕೂತುಕೊಳ್ಳುವ ಅಂತಾರೆ. ನಾನು ಹೇಗೋ ಒಪ್ಪಿಸಿದ್ದು. ಆದ್ರೆ ಗೌಡ್ರೆ, ನೀವು ಮೊದಲಿನ ಹಾಗೆ ಮಲಗ್ಬೇಕು ಮಾರಾಯ್ರೆ."

"ಮಲಗುದು ಅಂದ್ರೆ? ನಾನು ಆಲೋಚನೆ…"

"ನನಗೆ ಗೊತ್ತಿಲ್ಲ ಅಂತ ಎಣಿಸಿದ್ರಾ? ಮೊದಲ ವರ್ಷದಿಂದ ಗೊತ್ತುಂಟು. ಹತ್ತಿರ ಕೂತವ ನಾನಲ್ವಾ? ನಿಮ್ಮ ಹೂಂ ಕೆಲವು ಸಲ ನಾನೇ ಹೇಳಿದ್ದು."

"ಪೋಕರಾಕ, ಯಾರೂ ನನ್ನನ್ನು ಈಗ ಕರೆಯುದಿಲ್ಲ" ಎಂದರು ಗೌಡರು.

"ಅದಕ್ಕೇ ಹೇಳಿದ್ದು. ನಾಲ್ಕು ದಿನ ಆ ಮಿಷನ್ ಬಿಡಿ. ಪೆರಾಬೆ ಮುಗಿದ ಮೇಲೆ ಪುನಃ ಹಾಕುವ."

ಅಂದಿನಿಂದ ಗೌಡರಿಗೆ ಮುಖವಾಡ ಕೆನ್ನೆಗೆ ಒತ್ತತೊಡಗಿತು. ದುಗ್ಗಮ್ಮ ಪಟ್ಟಿ ಸಡಿಲಿಸಿದರು. ಆಗ ಅದು ಜಾರತೊಡಗಿತು. ಬಿಗಿ ಮಾಡಿದರು. ಆಗ ಯಂತ್ರದ ಸದ್ದು ಕಿರಿಕಿರಿಯಾಯಿತು. ಪಾಲೆಕುಂಜದ ಗೊರಕೆಗೆ ಮೂವತ್ತು ವರ್ಷ ಹೊಂದಿಕೊಂಡ ದುಗ್ಗಮ್ಮ, ಯಂತ್ರದ ಪಿಸುಮಾತು ಕಿರಿಕಿರಿ ಎಂಬ ದೂರನ್ನು ಕೇಳಿ ಅದನ್ನು ಮಡಚಿ ಚೀಲಕ್ಕೆ ಹಾಕಿದರು. ಕೆಲವು ದಿನಗಳ ನಂತರ, ಬೆಳಗಿನ ತಿಂಡಿಯ ಹೊತ್ತಿಗೆ, ಗೌಡರು ತಟ್ಟೆಯ ಮುಂದೆ ತೂಗಾಡುವುದನ್ನು ನೋಡಿ ಹೇಳಿದರು:

"ನಿಮ್ಮ ಉಸಿರು ನಿಂತಾಗ ನಾನು ಎದ್ದು ಕೂತುಕೊಳ್ಳುದು. ಪುನಃ ಬರುವವರೆಗೆ ಕಾಯುದು. ಮದುವೆ ಆದ ಮೇಲೆ ನಾನು ಸರಿ ಮಲಗಿದ್ದು ಆ ಮಿಷನ್ ಬಂದ ಮೇಲೆಯೇ. ಕನಸು ಸಹ ಬಿದ್ದಿತ್ತು."

"ಎಂತ ಕನಸು?"

"ಎಂತದೂ ಇಲ್ಲ. ನಾನು ಮಲಗಿದ ಹಾಗೆ."

ಗೌಡರು ದೋಸೆಯ ಅಂಚನ್ನು ಮುರಿಯುತ್ತ, "ಪೆರಾಬೆ ಒಂದು ಮುಗಿಯಲಿ" ಎಂದರು.

"ನಾನೂ ಬರ್ತೇನೆ" ಎಂದರು ದುಗ್ಗಮ್ಮ. ಅವರು ಯಾವ ರಾಜಿಗೂ ಎಂದೂ ಹೋದವರಲ್ಲ.

ಪೆರಾಬೆಯ ಅಂಗಳದಲ್ಲಿ ಅಡಿಕೆ ಹಾಗೆಯೇ ಹರವಿತ್ತು, ಕಾರು ಹಾಗೆಯೇ ಗೇಟಿನ ಹೊರಗಿತ್ತು. ಗೌಡರ ಯಂತ್ರ ನಿಂತ ಸುದ್ದಿ ಪೋಕರ್ ಮೂಲಕ ಮೊದಲೇ ತಲುಪಿದ್ದರಿಂದ ಜನ ಈ ಸಲ ಹೆಚ್ಚು ಸೇರಿದ್ದರು. ಎಲ್ಲರೂ ಜಗಲಿಯಲ್ಲಿ ಕುಳಿತರು. ಜಯಪ್ರಕಾಶ್ ಗಂಟಲು ಸರಿಮಾಡಿಕೊಂಡು ಅಜ್ಜನ ಹೆಸರೆತ್ತುವಷ್ಟರಲ್ಲಿ ಗೌಡರ ಕಣ್ಣುಗಳು ಮುಚ್ಚಿದವು. ಜಗಲಿಯಲ್ಲಿ ತೃಪ್ತಿಯ ಅಲೆಯೊಂದು ಹಾದುಹೋಯಿತು. ಪೋಕರ್ ಕಾಲು ಚಾಚಿ ಕುಳಿತರು.

ಆದರೆ ಹಲವು ರಾತ್ರಿಗಳ ಸಾಲ ತೀರಿಸಲು ಬಂದ ನಿದ್ದೆ ಹಿಂದಿನ ತೂಕಡಿಕೆಯಂತಿರಲಿಲ್ಲ. ಗೌಡರ ತಲೆ ಈ ಸಲ ಎದೆಗೆ ಬಾಗಲಿಲ್ಲ, ಕುರ್ಚಿಯ ಹಿಂದಕ್ಕೆ ಬಿತ್ತು. ಬಾಯಿ ತೆರೆಯಿತು. ಪಾಲೆಕುಂಜದ ಅಸಲಿ ಗೊರಕೆ, ರಾಜಿಯ ಮಾನ್ಯತೆ ಪಡೆದ "ಹೂಂ" ಅಲ್ಲ, ಜಗಲಿಯ ಹಂಚುಗಳ ಕೆಳಗೆ ಮೊಳಗಿತು. ಜಯಪ್ರಕಾಶ್ ಮಾತು ಮುಂದುವರಿಸಲು ನೋಡಿದ, ದನಿ ಸಾಲದೆ ಸುಮ್ಮನಾದ.

ಗೊರಕೆ ಒಮ್ಮೆ ಏರಿ, ಇನ್ನೊಮ್ಮೆ ಏರಿ, ಕತ್ತರಿಸಿದಂತೆ ನಿಂತಿತು.

"ಈಗ ಆಲೋಚನೆ ಶುರು" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಒಳಗೆ ಹೆಂಗಸರ ಜೊತೆ ಕುಳಿತಿದ್ದ ದುಗ್ಗಮ್ಮ ಎದ್ದು ಬಾಗಿಲಿಗೆ ಬಂದರು. "ಆಲೋಚನೆ ಅಲ್ಲ. ಈಗ ಉಸಿರು ಇಲ್ಲ ಅವರಿಗೆ" ಎಂದರು. "ಎದೆ ನೋಡಿ. ಅಲ್ಲಾಡ್ತದೆ, ಗಾಳಿ ಹೋಗುದಿಲ್ಲ. ನಾನು ದಿನಾ ನೋಡುದು. ನೀವೂ ಇವತ್ತು ನೋಡಿ."

ಎಲ್ಲರೂ ನೋಡಿದರು. ಗೌಡರ ಎದೆ ಎಳೆಯುತ್ತಿತ್ತು, ಏನೂ ಬರುತ್ತಿರಲಿಲ್ಲ. ತುಟಿಯ ಬಣ್ಣ ಮಾಸಿತು. ಹೊತ್ತು ಸಣ್ಣದೇ ಇರಬೇಕು, ಆದರೆ ಕಾಯುವವರಿಗೆ ಅದು ಸಣ್ಣದಾಗಿರಲಿಲ್ಲ. ದುಗ್ಗಮ್ಮ ಹತ್ತಿರ ಹೋಗಿ ಗಂಡನ ಗಲ್ಲ ಮೇಲೆತ್ತಿ ಭುಜ ಅಲುಗಿಸಿದರು. ದಿಶಾಂತನೂ ಜಯಪ್ರಕಾಶನೂ ಏಕಕಾಲಕ್ಕೆ ಎದ್ದು ಓಡಿಬಂದು, ಮೊದಲ ಬಾರಿಗೆ ಒಂದೇ ಕಡೆ ನಿಂತು, ಒಬ್ಬೊಬ್ಬರು ಒಂದೊಂದು ತೋಳು ಹಿಡಿದರು.

ಮುಳುಗಿದವನು ಮೇಲೆ ಬಂದಂತೆ ಒಂದು ದೊಡ್ಡ ಎಳೆತದೊಂದಿಗೆ ಗೌಡರಿಗೆ ಉಸಿರು ಬಂತು. ಕಣ್ಣು ತೆರೆದು, ದೂರದಿಂದ ಬಂದವರಂತೆ ಸುತ್ತ ನೋಡಿ, ಅಭ್ಯಾಸಬಲದಿಂದ ಕೇಳಿದರು: "ಹಾಗಾದ್ರೆ ಈಗ ಎಂತ ಮಾಡುದು ಹೇಳಿ?"

"ಮಾಡುದೆಂತ, ಆಸ್ಪತ್ರೆಗೆ ಹೋಗುದು" ಎಂದ ಜಯಪ್ರಕಾಶ್, ಬಿಳಿಚಿದ ಮುಖದಲ್ಲಿ. "ದಿಶಾಂತ, ಕಾರು ತಾ."

"ಎಲ್ಲಿಂದ ತರುದು? ಅಡಿಕೆ ಉಂಟಲ್ಲ" ಎಂದ ದಿಶಾಂತ್. ಅದರಲ್ಲಿ ಕೊಂಕಿರಲಿಲ್ಲ, ಅಡಿಕೆ ನಿಜವಾಗಿಯೂ ಇತ್ತು.

ಜಯಪ್ರಕಾಶ್ ಗೋಡೆಗೆ ಒರಗಿಸಿದ್ದ ಅಡಿಕೆ ಎಳೆಯುವ ಹಲಗೆ ತೆಗೆದುಕೊಂಡು ಅಂಗಳಕ್ಕೆ ಇಳಿದ. ಗೇಟಿನಿಂದ ಜಗಲಿಯವರೆಗೆ, ಬಡಗು ಬದಿಯಲ್ಲಿ, ಅಡಿಕೆಯನ್ನು ಒತ್ತಿ ಒತ್ತಿ ಬದಿಗೆ ಸರಿಸಿದ. ಕಾರು ಬಂತು. ಗೌಡರು ತಮಗೆ ಏನೂ ಆಗಿಲ್ಲ ಎಂದು ಹೇಳುತ್ತಲೇ ಇದ್ದರು. ಅವರ ಮಾತನ್ನು ಯಾರೂ ಕೇಳಲಿಲ್ಲ.

ಕಾರು ಹೊರಟಾಗ ಪೋಕರ್ ಹಿಂದಿನ ಸೀಟಿನಲ್ಲಿ ಬಗ್ಗಿ, "ದಾರಿ ಆಯ್ತಲ್ಲ ಗೌಡ್ರೆ" ಎಂದು ಪಿಸುಗುಟ್ಟಿದರು.

"ಇನ್ನೊಂದು ಕಡೆ ಇದೇ ರೀತಿ ಆಗ್ಬೇಕಾದ್ರೆ ನೀವು ಮಲಗಿ ಪೋಕರಾಕ" ಎಂದರು ದುಗ್ಗಮ್ಮ, ಕಿಟಕಿಯ ಹೊರಗೆ ನೋಡುತ್ತ. "ನಾನು ಬಂದು ಹೂಂ ಹೇಳ್ತೇನೆ."

ರಕ್ತದೊತ್ತಡ ಏರಿದ್ದರಿಂದ ವೈದ್ಯೆ ಗೌಡರನ್ನು ಒಂದು ದಿನ ಉಳಿಸಿಕೊಂಡರು. ಯಂತ್ರ ಬಿಟ್ಟ ಕಾರಣ ಕೇಳಿದರು. ಗೌಡರು ಈ ಸಲ ಆಲೋಚನೆಯ ಹೆಸರೆತ್ತದೆ ಇದ್ದುದನ್ನು ಇದ್ದ ಹಾಗೆ ಹೇಳಿದರು.

"ಜನರಿಗೆ ಬೇಕಾದ್ದು ನೀವಾ, ನಿಮ್ಮ ರೋಗವಾ?" ಎಂದು ವೈದ್ಯೆ ಕೇಳಿದರು.

ಗೌಡರು ಪ್ರಾಮಾಣಿಕವಾಗಿ ಯೋಚಿಸಿದರು. "ರೋಗವೇ" ಎಂದರು.

ಪೆರಾಬೆಯ ಘಟನೆಯಿಂದ ಊರು ಪಾಠ ಕಲಿಯಿತು ಎಂದು ಯಾರೂ ಭಾವಿಸಬಾರದು. ಗೌಡರು ನಿದ್ದೆ ಹೋಗಿದ್ದರು, ಅದೊಂದು ಕಾಯಿಲೆ ಎಂಬುದನ್ನು ಜಗಲಿಯ ತುಂಬ ಜನ ಕಣ್ಣಾರೆ ಕಂಡಿದ್ದರು. ವಾರ ಕಳೆಯುವಷ್ಟರಲ್ಲಿ ಕಥೆ ಬೇರೆಯಾಯಿತು. ಮಾತು ಬೇಡ, ತೀರ್ಪು ಬೇಡ, ಗೌಡರು ಉಸಿರನ್ನೇ ಹಿಡಿದಿಟ್ಟು ಅಣ್ಣನ ಕೈಯಿಂದಲೇ ದಾರಿ ಬಿಡಿಸಿದರಂತೆ. ನಿಂತಿದ್ದ ಫೋನು ಪುನಃ ಬರತೊಡಗಿತು. ಮೊದಲಿಗಿಂತ ಹೆಚ್ಚಾಗಿಯೇ ಬಂತು. ಗೌಡರ ಮರ್ಯಾದೆ ಅವರಿಗೆ ಪೂರ್ತಿ ಮರಳಿ ಸಿಕ್ಕಿತ್ತು. ಅದನ್ನು ಇಟ್ಟುಕೊಳ್ಳಲು ಮಾಡಬೇಕಾದ್ದು ಇಷ್ಟೇ, ಯಂತ್ರವನ್ನು ಚೀಲದಲ್ಲೇ ಬಿಡುವುದು.

ಒಂದು ಮಧ್ಯಾಹ್ನ ಸುಳ್ಯದ ಕಡೆಯ ಒಬ್ಬರು ಫೋನು ಮಾಡಿದರು. ಕೆರೆಯ ವಿಷಯ, ಇಪ್ಪತ್ತು ವರ್ಷದ ಜಗಳ. ಗೌಡರು ಬಂದು ಒಮ್ಮೆ ಕುಳಿತರೆ ಸಾಕು, ಬೇರೆ ಏನೂ ಬೇಡ ಎಂದರು. ಹೊರಗೆ ಹಗ್ಗದ ಮೇಲೆ ಯಂತ್ರದ ಉದ್ದ ಕೊಳವೆ ಒಣಗುತ್ತಿತ್ತು. ಒಳಗೆ ದುಗ್ಗಮ್ಮ ಊಟ ಮುಗಿಸಿ ಒಂದು ಗಳಿಗೆ ಕಣ್ಣು ಮುಚ್ಚಿದ್ದರು. ಗೌಡರು ದನಿ ತಗ್ಗಿಸಿದರು.

"ನೋಡಿ, ಬರ್ಲಿಕ್ಕೆ ಅಡ್ಡಿ ಇಲ್ಲ. ಆದ್ರೆ ನನಗೆ ಈಗ ರಾತ್ರಿ ಸರಿ ನಿದ್ದೆ ಆಗ್ತದೆ. ಹಗಲು ಎಚ್ಚರ ಇರ್ತೇನೆ. ನೀವು ಹೇಳಿದ್ದೆಲ್ಲ ನನಗೆ ಕೇಳ್ತದೆ. ಸುಳ್ಳು ಹೇಳಿದ್ರೆ ಗೊತ್ತಾಗ್ತದೆ, ಗೊತ್ತಾದದ್ದನ್ನು ನಾನು ಹೇಳಿಬಿಡ್ತೇನೆ. ಅದು ನಿಮಗೆ ಆಗ್ತದಾ?"

"ಮನೆಯಲ್ಲಿ ಕೇಳಿ ಹೇಳ್ತೇನೆ ಗೌಡ್ರೆ" ಎಂದರು ಆಚೆ ಕಡೆಯವರು.

"ಕೇಳಿ" ಎಂದು ಗೌಡರು ಫೋನು ಇಟ್ಟರು. ಸುಳ್ಯದವರು ಮನೆಯಲ್ಲಿ ಏನು ಕೇಳಿದರೋ ತಿಳಿಯದು, ಪುನಃ ಫೋನು ಬರಲಿಲ್ಲ. ಗೌಡರು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಎಚ್ಚರವಾಗಿ ಜಗಲಿಯಲ್ಲಿ ಕುಳಿತರು.